ಯಶೋದಮ್ಮನ ಕುಂಕುಮದ ಭರಣಿ

ಯಶೋದಮ್ಮನ ಬಗ್ಗೆ ಬರೆಯಲು ಕುಳಿತರೆ ಮೊದಲು ಮೈ ಉರಿಯುತ್ತದೆ, ಆಮೇಲೆ ಮಾತು ಬರುತ್ತದೆ. ಸಮಾಧಾನದ ಮಾತು ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಲಿ.

ಅವಳು ನನ್ನ ಪಕ್ಕದ ಮನೆಯವಳಾಗಿದ್ದಳು. ಪಕ್ಕದ ಮನೆ ಎಂದರೆ ನಡುವೆ ಒಂದೇ ಗೋಡೆ. ಆಚೆ ಅವಳು ಒಗ್ಗರಣೆ ಹಾಕಿದರೆ ಈಚೆ ನನ್ನ ಹತ್ತಿರ ಮನೆಪಾಠಕ್ಕೆ ಬರುವ ಮಕ್ಕಳು ಸೀನುತ್ತಿದ್ದವು. ಕೆಂಗೇರಿ ದಾಟಿ ಸ್ವಲ್ಪ ಮುಂದೆ, ಸುತ್ತಲೂ ಲೇಔಟ್ ಎದ್ದಿದ್ದರೂ ಇನ್ನೂ ಗ್ರಾಮ ಪಂಚಾಯಿತಿಗೇ ಸೇರಿರುವ ಊರು ನಮ್ಮದು. ನಮ್ಮ ಓನರ್ ಮುನಿಯಪ್ಪನವರು, ಈ ಗೌರವ ಇದೊಂದು ಸಲಕ್ಕೆ ಮಾತ್ರ, ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲಾಗಿ ಶೀಟಿನ ಮನೆಗಳನ್ನು ಕಟ್ಟಿಸಿದ್ದಾರೆ. ರಾಗಿಗೆ ಮಳೆ ಬೇಕಿತ್ತು, ಈ ಬೆಳೆಗೆ ನಮ್ಮಂಥವರಿದ್ದರೆ ಸಾಕು.

ಯಶೋದಮ್ಮ ಮದುವೆಯಾಗಿ ಬಂದದ್ದು ಬೆಂಗಳೂರಿನ ಒಳಗಿನ ಹೊಸಹಳ್ಳಿಗೆ. ಅಲ್ಲಿ ಮೆಟ್ರೋ ಬಂತು, ಬಾಡಿಗೆ ಏರಿತು, ಗಂಡ ಹೆಂಡತಿ ಕಾಮಾಕ್ಷಿಪಾಳ್ಯಕ್ಕೆ ಬಂದರು. ಅಲ್ಲಿ ಓನರಿನ ಮಗನಿಗೆ ಮದುವೆ ಎಂದು ಬಿಡಿಸಿದರು. ನಾಗರಬಾವಿಯ ಹಿಂದೆ ಒಂದು ಮನೆ, ಉಲ್ಲಾಳದಲ್ಲಿ ಒಂದು, ಕೆಂಗೇರಿಯಲ್ಲಿ ಒಂದು. ಬೆಂಗಳೂರು ಬೆಳೆದ ಹಾಗೆಲ್ಲ ಇವಳು ಅಂಚಿಗೆ ಸರಿದಳು. ಮನೆ ದೂರವಾದರೂ ಕೆಲಸ ಮಾತ್ರ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲೇ ಉಳಿಯಿತು. ಹೊತ್ತು ಹುಟ್ಟುವ ಮುಂಚೆ ಎದ್ದು ಎರಡು ಬಸ್ಸು ಹಿಡಿದು ಹೋಗಿ, ಇಡೀ ದಿನ ನಿಂತುಕೊಂಡು ಪರದೇಶದವರ ಅಂಗಿಗೆ ಇಸ್ತ್ರಿ ಹಾಕಿ ಬರುತ್ತಿದ್ದಳು. ಗಂಡ ಜ್ಞಾನಭಾರತಿ ಕಡೆಯ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಅವನು ಮನೆಗೆ ಬರುವ ಹೊತ್ತಿಗೆ ಇವಳು ಹೊರಟಿರುತ್ತಿದ್ದಳು.

ಅವಳ ಮನೆಯಲ್ಲಿ ಅರ್ಧ ಸಾಮಾನು ಮೂಟೆಯಲ್ಲೇ ಇರುತ್ತಿತ್ತು. ಯಾಕೆ ಬಿಚ್ಚಿಲ್ಲ ಎಂದು ಕೇಳಿದರೆ, "ಬಿಚ್ಚಿದ್ರೆ ಮತ್ತೆ ಕಟ್ಬೇಕಲ್ಲ ಟೀಚರ್" ಎನ್ನುತ್ತಿದ್ದಳು. ಆದರೆ ಹೊಸ ಮನೆಗೆ ಕಾಲಿಟ್ಟ ದಿನವೇ, ಹಾಲು ಉಕ್ಕಿಸುವುದಕ್ಕೂ ಮುಂಚೆ, ತವರಿನಿಂದ ತಂದ ಹಿತ್ತಾಳೆಯ ಕುಂಕುಮದ ಭರಣಿ ಮಾತ್ರ ಗೂಡಿನಲ್ಲಿ ಕುಳಿತುಬಿಡಬೇಕು. ಯಾವ ಹೆಂಗಸು ಬಂದರೂ ಕುಂಕುಮ ಕೊಡದೆ ಕಳಿಸಿದವಳಲ್ಲ. ಸೊಪ್ಪಿನವಳಿಗೂ ಕೊಡುತ್ತಿದ್ದಳು, ಚೀಟಿ ದುಡ್ಡು ಕೇಳಿಕೊಂಡು ಜಗಳಕ್ಕೆ ಬಂದವಳಿಗೂ ಕೊಡುತ್ತಿದ್ದಳು.

"ಬಾಡಿಗೆ ಮನೆ ಆದ್ರೇನು ಟೀಚರ್? ಕುಂಕುಮ ಕೊಡೋಳೇ ಮನೆಯೊಡತಿ" ಎನ್ನುವುದು ಅವಳ ಮಾತು.

ಹೋದ ವರ್ಷ ಪಂಚಾಯಿತಿಯ ಆಟೋ ಊರೆಲ್ಲ ಕೂಗಿಕೊಂಡು ಹೋಯಿತು. ಹಳ್ಳಿಗಳಲ್ಲಿ ಬಾಡಿಗೆ ಮನೆಯಲ್ಲಿರುವ ಬಡವರಿಗೆ ಸರ್ಕಾರ ತಿಂಗಳ ಬಾಡಿಗೆಯಲ್ಲಿ ಅರ್ಧ ಕೊಡುತ್ತದಂತೆ. ಕೇಳಿ ಯಶೋದಮ್ಮ ನಕ್ಕಳು. ಸಿಟಿಯಿಂದ ಆಚೆ ತಳ್ಳಿಸಿಕೊಂಡದ್ದಕ್ಕೆ ಮೊದಲ ಸಲ ಏನೋ ಸಿಕ್ಕುವ ಹಾಗಿತ್ತು. ಯುಗಾದಿಯಿಂದ ಬಾಡಿಗೆ ಏರಿಸುತ್ತೇನೆ, ಆಗದಿದ್ದರೆ ಖಾಲಿ ಮಾಡಿ ಎಂದು ಮುನಿಯಪ್ಪ ಆಗಲೇ ಹೇಳಿದ್ದ. ಈ ನೆರವು ಬಂದರೆ ಅವಳು ಅಲ್ಲೇ ಉಳಿಯಬಹುದಿತ್ತು, ಮೂಟೆ ಬಿಚ್ಚಬಹುದಿತ್ತು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ನೆರವಿಗೆ ಬಾಡಿಗೆ ಕರಾರು ಪತ್ರ ಬೇಕು. ಮುನಿಯಪ್ಪನನ್ನು ಕೇಳಿದಳು. ಅವನು ಹಲ್ಲು ಚುಚ್ಚಿಕೊಳ್ಳುತ್ತ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

"ನಮ್ ವಠಾರದಲ್ಲಿ ಯಾವತ್ತಮ್ಮ ಅಗ್ರಿಮೆಂಟು? ಬಾಯಿ ಮಾತೇ ಅಗ್ರಿಮೆಂಟು. ಇವತ್ತು ಪತ್ರ ಕೊಟ್ರೆ ನಾಳೆ ಮನೆ ನಂದೇ ಅಂತ ಕೂತ್ಕೋತೀರ."

ಅಡ್ವಾನ್ಸ್ ಇಸಿದುಕೊಳ್ಳುವಾಗಲೂ ಬಾಯಿ ಮಾತೇ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ. ಪಂಚಾಯಿತಿಗೆ ಹೋದರೆ, ಪತ್ರ ಇಲ್ಲದೆ ಏನೂ ಆಗಲ್ಲಮ್ಮ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ. ನಮ್ಮ ಸಾಲಿನಲ್ಲಿ ಯಾರ ಹತ್ತಿರವೂ ಪತ್ರವಿರಲಿಲ್ಲ. ನನ್ನ ಹತ್ತಿರವೂ ಇಲ್ಲ.

ಸ್ವಲ್ಪ ದಿನ ಕಳೆದ ಮೇಲೆ ಮುನಿಯಪ್ಪನೇ ಯಶೋದಮ್ಮನ ಬಾಗಿಲಿಗೆ ಬಂದ. ನಾಳೆ ಅವಳು ಕೆಲಸಕ್ಕೆ ಹೋಗಬಾರದಂತೆ. ನೆರವಿನ ಅರ್ಜಿಗೆ ಮನೆ ನೋಡಲು ಪಂಚಾಯಿತಿಯಿಂದ ಮೇಡಂ ಬರುತ್ತಾರಂತೆ.

"ನಮ್ಮಮ್ಮ ಒಂದ್ ಗಂಟೆ ನಿನ್ ಮನೇಲಿ ಕೂತಿರ್ತಾರೆ. ಮೇಡಂ ಕೇಳಿದ್ರೆ ನೀನು ಕೆಲಸಕ್ಕೆ ಬರೋಳು ಅನ್ನು. ಹೇಳ್ದಂಗೆ ಕೇಳಿದ್ರೆ ಯುಗಾದಿ ವಿಷ್ಯ ಆಮೇಲೆ ನೋಡೋಣ."

ಅರ್ಥವಾಯಿತಲ್ಲ? ಅವನ ತಾಯಿ ವಿಮಲಮ್ಮ ರಸ್ತೆಯಾಚೆಯ ಮೂರು ಮಹಡಿಯ ಮನೆಯಲ್ಲಿ ಮಗನ ಜೊತೆಗೇ ಇರುವ ಮುದುಕಿ. ರೇಷನ್ ಕಾರ್ಡಿನಲ್ಲಿ ಮಾತ್ರ ಆಕೆ ಯಾರೂ ಇಲ್ಲದ ಬಡ ವಿಧವೆ. ಯಶೋದಮ್ಮನಿಗೆ ಕೊಡಲಾಗದ ಪತ್ರವನ್ನು ಮುನಿಯಪ್ಪ ಅದೇ ಮನೆಗೆ ಅಮ್ಮನ ಹೆಸರಿನಲ್ಲಿ ಮಾಡಿಸಿ ನೆರವಿಗೆ ಅರ್ಜಿ ಹಾಕಿದ್ದ. ಹೆತ್ತ ತಾಯಿ ಮಗನಿಗೆ ಬಾಡಿಗೆದಾರಳು! ನಾಚಿಕೆ ಎನ್ನುವುದು ಆ ಮನೆಯ ಯಾವ ಮಹಡಿಯಲ್ಲೂ ಇರಲಿಲ್ಲ.

ಯಶೋದಮ್ಮ ಒಪ್ಪಿಕೊಂಡಳು. ಯಾಕೆ ಒಪ್ಪಿಕೊಂಡೆ ಎಂದು ಬೈದೆ. "ಇನ್ನೊಂದು ಮನೆ ಹುಡುಕೋ ಶಕ್ತಿ ಇಲ್ಲ ಟೀಚರ್" ಎಂದಳು.

ಮಾರನೆಯ ದಿನ ಬೆಳಿಗ್ಗೆ ವಿಮಲಮ್ಮ ಕೋಲೂರಿಕೊಂಡು ಬಂದು ಯಶೋದಮ್ಮನ ಚಾಪೆಯ ಮೇಲೆ ಕುಳಿತರು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಅವರೆಕಾಯಿ ಕಾಲದಲ್ಲಿ ಸಾಲಿನ ಎಲ್ಲ ಮನೆಗೂ ಮಡಿಲಲ್ಲಿ ತುಂಬಿಕೊಂಡು ಬಂದು ಸುರಿದು ಹೋಗುವ ಜೀವ ಅದು. ಮಗ ಕೂರು ಎಂದ, ಕೂತರು. ಮೇಡಂ ಬಂದರು, ಹೆಸರು ದೀಪ್ತಿ. ಚಿಕ್ಕ ವಯಸ್ಸು, ಕೈಯಲ್ಲಿ ಫೋನು, ಮುಖದಲ್ಲಿ ಆತುರ. ಮುದುಕಿಯನ್ನು ಬಾಗಿಲಲ್ಲಿ ನಿಲ್ಲಿಸಿದರು. ಯಶೋದಮ್ಮ ಬೆಳಿಗ್ಗೆ ಹಾಕಿದ್ದ ರಂಗೋಲಿಯ ಮೇಲೆಯೇ ನಿಂತು ಫೋಟೋ ತೆಗೆದರು. "ಸ್ವಲ್ಪ ಜರುಗಮ್ಮ" ಎಂದು ಯಶೋದಮ್ಮನನ್ನು ಅವಳ ಹೊಸ್ತಿಲಿನಿಂದಲೇ ಆಚೆ ನಿಲ್ಲಿಸಿದರು. ನಾವೆಲ್ಲ ನಮ್ಮ ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು.

ಕೆಲಸ ಮುಗಿಯಿತು. ದೀಪ್ತಿ ಚಪ್ಪಲಿ ಮೆಟ್ಟಲು ತಿರುಗಿದರು. ಆಗ ವಿಮಲಮ್ಮನಿಗೆ ತಡೆಯಲಾಗಲಿಲ್ಲ.

"ಏ ಯಶೋದಾ, ಮುತ್ತೈದೆ ಹಂಗೇ ಹೊಂಟವ್ಳಲ್ಲೇ. ಕುಂಕುಮ ಕೊಟ್ಟು ಕಳ್ಸು. ನಾನು ಕೊಡಂಗಿಲ್ಲ. ಮನೆಯೋಳು ನೀನು ತಾನೇ?"

ಮುನಿಯಪ್ಪ ಕೆಮ್ಮಿ, "ಅಮ್ಮಂಗೆ ಅರಳುಮರಳು ಮೇಡಂ" ಎಂದ. ದೀಪ್ತಿ ಕೇಳಿಸಿಯೂ ಕೇಳಿಸದ ಹಾಗೆ ಸಣ್ಣಗೆ ನಕ್ಕರು.

ಯಶೋದಮ್ಮ ಒಳಗೆ ಹೋಗಿ ಭರಣಿ ತಂದಳು. ಮುಚ್ಚಳ ತೆಗೆದು ಮುಂದೆ ಹಿಡಿದಳು. ದೀಪ್ತಿ ಉಂಗುರದ ಬೆರಳು ಚಾಚಿದರು. ಆಗ ಯಶೋದಮ್ಮ ಭರಣಿಯ ಬಾಯಿಗೆ ಅಂಗೈ ಅಡ್ಡ ಇಟ್ಟಳು.

"ಒಂದ್ ಮಾತು ಮೇಡಂ. ಕೆಲಸದೋಳು ಕುಂಕುಮ ಕೊಡೋ ಹಾಗಿಲ್ಲ, ಮನೆಯೊಡತಿ ಕೊಡಬೇಕು. ಇದು ನನ್ ಮನೆ ಅಂತ ಒಪ್ಪೋದಾದ್ರೆ ತಗೊಳ್ಳಿ, ಹಾಗೇ ಬರ್ಕೊಳ್ಳಿ. ಅವರ ಮನೆ ಅನ್ನೋದಾದ್ರೆ ಕೈ ಹಿಂದಕ್ಕೆ ತಗೊಳ್ಳಿ."

"ಅಗ್ರಿಮೆಂಟ್ ಯಾರ ಹೆಸರಲ್ಲಿದೆಯೋ ಅವರದ್ದೇ ಅಮ್ಮ. ಸಿಸ್ಟಮ್ ಬೇರೆ ತಗೊಳ್ಳಲ್ಲ."

"ಸಿಸ್ಟಮ್‌ನ ಕೇಳ್ತಾ ಇಲ್ಲ ಮೇಡಂ. ನಿಮ್ಮನ್ನ ಕೇಳ್ತಾ ಇದೀನಿ."

ದೀಪ್ತಿಯ ಬೆರಳು ಅಲ್ಲೇ ನಿಂತಿತ್ತು. ಭರಣಿ ನೋಡಿದರು, ಮುನಿಯಪ್ಪನನ್ನು ನೋಡಿದರು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, "ನಂಗೆ ಲೇಟಾಗ್ತಿದೆ" ಎಂದು ಹೊರಟೇಬಿಟ್ಟರು.

ನಮ್ಮ ಕಡೆ ಬಸ್ಸು ತಪ್ಪಿದರೂ ಸರಿ, ಮುತ್ತೈದೆ ಕುಂಕುಮ ಬಿಟ್ಟು ಹೋಗುವುದಿಲ್ಲ. ಈ ಹೆಣ್ಣುಮಗಳು ಬಿಟ್ಟು ಹೋದಳು, ಇದು ಮುದುಕಿಯ ಮನೆಯೇ ಎಂದು ಮುಖ ನೋಡಿ ಹೇಳಲೂ ಆಗಲಿಲ್ಲ. ಅಂದರೆ ಆ ಮನೆ ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಮಾಫಿ ಮಾಡಬಹುದಿತ್ತು. ಗೊತ್ತಿದ್ದೂ ಮಾಡಿದಳಲ್ಲ, ಅದಕ್ಕೇ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ.

ಮೇಡಂ ಗಾಡಿ ತಿರುವು ದಾಟಿತೋ ಇಲ್ಲವೋ, "ಈ ತಿಂಗಳಿಗೆ ಖಾಲಿ ಮಾಡು" ಎಂದ ಮುನಿಯಪ್ಪ. ಇದು ಅನ್ಯಾಯ ಎಂದೆ. "ನಿಮ್ ಮನೆಗೂ ಟು-ಲೆಟ್ ಬೋರ್ಡು ನೇತಾಕ್ಲಾ ಟೀಚರ್?" ಎಂದು ಕೇಳಿದ. ಯಶೋದಮ್ಮ ಅವನ ಕಾಲು ಹಿಡಿಯಲಿಲ್ಲ. ಮೂಟೆಗಳು ಹೇಗೂ ಕಟ್ಟಿಯೇ ಇದ್ದವು. ಭರಣಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಲಗೇಜ್ ಆಟೋದಲ್ಲಿ ಗಂಡನ ಪಕ್ಕ ಕೂತು ಹೋದಳು. ಈಗ ಬಿಡದಿ ಕಡೆ ಒಂದು ಹಳ್ಳಿಯಲ್ಲಿದ್ದಾಳೆ. ಗಾರ್ಮೆಂಟ್ಸಿಗೆ ಮೂರು ಬಸ್ಸು ಹಿಡಿಯಬೇಕು. ಅಲ್ಲೂ ಕರಾರು ಪತ್ರ ಕೊಟ್ಟಿಲ್ಲ.

ನೆರವಿನ ದುಡ್ಡು ವಿಮಲಮ್ಮನ ಹೆಸರಿಗೆ ಬರತೊಡಗಿತು. ಆದರೆ ಮುನಿಯಪ್ಪನಿಗೆ ನಿದ್ದೆ ಹತ್ತಲಿಲ್ಲ. ಮೇಲಿನವರು ಹೇಳದೆ ಕೇಳದೆ ಮತ್ತೆ ಮನೆ ನೋಡಲು ಬರಬಹುದೆಂದು ಪಂಚಾಯಿತಿಯಲ್ಲಿ ಯಾರೋ ಅಂದರು. ಯಶೋದಮ್ಮ ಎತ್ತಿದ ಪ್ರಶ್ನೆಯನ್ನು ಸಾಲಿನವರೆಲ್ಲ ಕೇಳಿದ್ದರು, ಯಾರ ಬಾಯಿಯಾದರೂ ಬಿಡಬಹುದು. ಬೇರೆಯವರಿಗೆ ಆ ಮನೆ ಬಾಡಿಗೆಗೆ ಕೊಡಲು ಧೈರ್ಯವಾಗಲಿಲ್ಲ. ಬರುವ ದುಡ್ಡು ಬಿಡಲು ಮನಸ್ಸಾಗಲಿಲ್ಲ. ಕೊನೆಗೆ ಒಂದು ಮಂಚ, ಒಂದು ಫ್ಯಾನು ತಂದು ಅಮ್ಮನನ್ನೇ ಆ ಶೀಟಿನ ಮನೆಯೊಳಗೆ ಹಾಕಿದ. ಸ್ವಲ್ಪ ದಿನ ಅಷ್ಟೇ ಎಂದಿದ್ದ. ಹಾಗೆಂದು ಮಳೆಗಾಲ ಕಳೆದು ಬೇಸಿಗೆ ಬಂತು. ಎದುರು ಮನೆಯಿಂದ ಊಟದ ಕ್ಯಾರಿಯರ್ ಬರುತ್ತದೆ. ಮಧ್ಯಾಹ್ನ ಶೀಟು ಕಾದ ಕಾವಲಿಯಾಗುತ್ತದೆ, ಮುದುಕಿ ಹೊಸ್ತಿಲಿಗೆ ಬಂದು ಕೂರುತ್ತಾರೆ.

ಮೊನ್ನೆ ಭಾನುವಾರ ಯಶೋದಮ್ಮ ನನ್ನನ್ನು ನೋಡಲು ಬಂದಿದ್ದಳು. ವಿಮಲಮ್ಮ ಹೊಸ್ತಿಲಿನಿಂದಲೇ ಕರೆದರು. "ಬಾರೇ ಮಗಾ, ನಿನ್ ಮನೇನೇ ಇದು."

ಯಶೋದಮ್ಮ ಒಳಗೆ ಹೋಗಲಿಲ್ಲ. ಅವರ ಪಕ್ಕ ಕುಳಿತಳು. ಒಳಗೆ ಗೂಡು ಕಾಣುತ್ತಿತ್ತು, ಭರಣಿ ಇದ್ದ ಜಾಗದಲ್ಲಿ ಕೆಂಪು ಕಲೆ ಹಾಗೇ ಇತ್ತು.

"ಅಜ್ಜಿ, ಪತ್ರ ಕೊಟ್ರೆ ಮನೆ ನಂದೇ ಅಂತ ಕೂತ್ಕೋತೀರ ಅಂತಿದ್ರು ನಿಮ್ ಮಗ" ಎಂದಳು. ದನಿ ಏರಿಸಲಿಲ್ಲ. "ಈಗ ಪತ್ರ ನಿಮ್ ಹೆಸರಲ್ಲಿದೆ. ಕೂತ್ಕೊಳ್ಳಿ. ಬಿಡಬೇಡಿ."

ವಿಮಲಮ್ಮ ಕೋಲೆತ್ತಿ ರಸ್ತೆಯಾಚೆಯ ಮೂರು ಮಹಡಿಯ ಮನೆಯನ್ನು ತೋರಿಸಿದರು.

"ಆ ಮನೆಗೆ ಯಾರಾನ ಅಗ್ರಿಮೆಂಟ್ ಮಾಡ್ಸಿಕೊಡ್ತಾರೇನೇ ನಂಗೆ?" ಎಂದರು.