ನನ್ನ ಕೈಯಲ್ಲಿದ್ದ ಆಫ್‌ಸೈಡ್ ಬಾವುಟ

ತೊಂಬತ್ತರ ದಶಕದ ಮಾತು. ಶ್ರೀರಂಗಪಟ್ಟಣದ ಶಾಲೆಯೊಂದಕ್ಕೆ ಹೊಸದಾಗಿ ಟೀಚರಾಗಿ ಸೇರಿದ್ದೆ. ಸೋತವರು ಸೀದಾ ಮನೆಗೆ ಹೋಗಬೇಕಾದ ಫುಟ್‌ಬಾಲ್ ಕಪ್ಪಿನ ಸೆಮಿಫೈನಲ್‌ಗೆ ನಮ್ಮ ಪಿ.ಟಿ. ಮೇಷ್ಟ್ರೇ ರೆಫರಿ. ಮೈದಾನದ ಅಂಚಿನ ಗೆರೆಯ ಬಳಿ ಬಾವುಟ ಹಿಡಿಯಬೇಕಿದ್ದವನು ಬರಲಿಲ್ಲ. ಕಾನ್ವೆಂಟಿನಲ್ಲಿ ನಾನು ಫುಟ್‌ಬಾಲ್ ಆಡಿದ್ದು ಮೇಷ್ಟ್ರಿಗೆ ಗೊತ್ತಿತ್ತು. ಬಾವುಟ ನನ್ನ ಕೈಗೆ ಬಂತು. ನಾಲ್ಕು ಜನರೆದುರು ಬಾಯಿ ಬಿಡದ ನನಗೆ ಒಳ್ಳೆಯ ಕೆಲಸವೆನಿಸಿತು. ಮಾತಾಡಬೇಕಿಲ್ಲವಲ್ಲ.

ಆಟ ಮುಗಿಯುವ ಹೊತ್ತಿಗೆ ಅರಕೆರೆ ಊರಿನ ತಂಡದವರು ಶೀಳನೆರೆ ಊರಿನವರ ಮೇಲೆ ಮೊದಲ ಗೋಲು ಹೊಡೆದರು. ಹೊಡೆದವನು ಚೆಂಡು ಬರುವ ಮೊದಲೇ ಎಲ್ಲರನ್ನೂ ದಾಟಿ ಗೋಲ್‌ಕೀಪರನ ಪಕ್ಕ ನಿಂತಿದ್ದ. ಅದು ಆಫ್‌ಸೈಡ್, ಗೋಲು ಲೆಕ್ಕಕ್ಕಿಲ್ಲ. ಬಾವುಟ ಎತ್ತಿದೆ.

ಅರಕೆರೆಯ ಕ್ಯಾಪ್ಟನ್ ಓಡಿಬಂದ. “ಏನ್ ಮೇಡಂ, ಬಸ್ಸಲ್ಲಿ ಟವಲ್ ಹಾಕಿ ಸೀಟು ಇಡ್ಕಳಲ್ವಾ? ನಮ್ಮುಡ್ಗ ಅಂಗೇ ಮುಂಚೆ ಓಗಿ ಜಾಗ ಇಡ್ದವ್ನೆ. ತಪ್ಪೇನು?”

ಜನ ನಕ್ಕರು. “ಎಣ್ಣುಡ್ಗಿ ಕೈಗೆ ಬಾವುಟ ಕೊಟ್ಟೋನು ಯಾವನ್ಲಾ?” ಎಂದು ಹಿಂದಿನಿಂದ ಯಾರೋ ಕೂಗಿದ.

ಮೇಷ್ಟ್ರು ಹತ್ತಿರ ಬಂದು ಪಿಸುಗುಟ್ಟಿದರು: “ಅವ್ರ ಕಡೆ ಜನ ಜಾಸ್ತಿ ಅವ್ರೆ ಕಣಮ್ಮ. ಇಳಿಸ್ಬುಡು.”

“ಬೇಕಾದರೆ ನೀವು ಗೋಲು ಕೊಡಿ ಸಾರ್. ನಾನು ಇಳಿಸಲ್ಲ.”

ಬಾವುಟವನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದೆ. ಮೇಷ್ಟ್ರು ಅದನ್ನೇ ನೋಡುತ್ತ ನಿಂತು, ಕೊನೆಗೆ ಸೀಟಿ ಊದಿ ಗೋಲು ಇಲ್ಲವೆಂದರು. ಗೋಲಿಲ್ಲದೆ ಆಟ ಮುಗಿದು, ಪೆನಾಲ್ಟಿಯಲ್ಲಿ ಶೀಳನೆರೆ ಗೆದ್ದಿತು.

ಫೈನಲ್‌ಗೆ ಕಪ್ ನಡೆಸುತ್ತಿದ್ದ ಕಮಿಟಿಯವರು ನನ್ನನ್ನು ಕರೆಯಲಿಲ್ಲ. ಕರೆಯದಿದ್ದರೂ ಹೋಗಿ, ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಬಾವುಟ ಹಿಡಿದ ಹೊಸಬ ಪ್ರತಿ ಸಲವೂ ಕೈ ಎತ್ತುವ ಮುಂಚೆ ಒಮ್ಮೆ ನನ್ನ ಮುಖ ನೋಡುತ್ತಿದ್ದ.