ಮಾವನವರ ಸವತಿ ಸಸಿಗಳು

ನಾನು ಮದುವೆಯಾಗಿ ಗೋವೆಯ ಸಾಂಖಳಿಗೆ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಮುಂದೆ ಬಟ್ಟೆ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಬಾವಿ, ಬಾವಿಯ ಆಚೆ ಕೆಂಪು ಮಣ್ಣಿನ ಒಂದು ತುಂಡು ಹಿತ್ತಿಲು. ಮಾವನವರು ಬೆಳಗಾವಿ ಕಡೆಯವರು. ಹರೆಯದಲ್ಲೇ ಇಲ್ಲಿಗೆ ಬಂದು ಅಂಗಡಿ ಹಾಕಿದ್ದರು. ಗೋವೆಯ ಮೇಲೆ ಅವರ ದೂರುಗಳೇನೂ ಇರಲಿಲ್ಲ. ಕೊಂಕಣಿಯನ್ನು ಇಲ್ಲಿಯವರಷ್ಟೇ ಸಲೀಸಾಗಿ ಆಡುತ್ತಿದ್ದರು, ಇಲ್ಲಿಯ ಸೆಕೆಗೂ ಮಳೆಗೂ ಒಗ್ಗಿಹೋಗಿದ್ದರು. ಒಂದು ಸೌತೆಕಾಯಿಯ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಊಟದ ತಟ್ಟೆಯಲ್ಲಿ ಹೋಳು ಕಂಡರೆ ಸಾಕು, ಎತ್ತಿ ಬೆಳಕಿಗೆ ಹಿಡಿದು, ಇದಕ್ಕೂ ಸವತಿಕಾಯಿ ಅನ್ನುತ್ತಾರೇನು ಎಂದು ಕೇಳುತ್ತಿದ್ದರು. ಕೇಳಿ, ತಿನ್ನುತ್ತಿದ್ದರು.

ನಮ್ಮ ಕಡೆ ಸೌತೆಕಾಯಿಗೆ ಸವತಿಕಾಯಿ ಎನ್ನುವುದು ರೂಢಿ. ಗಂಡನ ಇನ್ನೊಬ್ಬ ಹೆಂಡತಿಯೂ ಸವತಿಯೇ. ಈ ಎರಡು ಅರ್ಥಗಳು ಒಂದೇ ಮನೆಯಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತವೆ ಎಂಬುದು ನನಗೆ ಗೊತ್ತಾದದ್ದು ಆ ವರ್ಷ.

ಸಂಕ್ರಾಂತಿ ಮುಗಿದ ಮೇಲೆ ಮಾವನವರು ಬೈಲಹೊಂಗಲದ ಹತ್ತಿರ ಒಂದು ಮದುವೆಗೆ ಹೋದರು. ಬರುವಾಗ ಧೋತರದ ತುದಿಯಲ್ಲಿ ಏನೋ ಗಂಟು ಕಟ್ಟಿಕೊಂಡಿದ್ದರು. ಅತ್ತೆಯವರು ಬುಂದೆ ಕಾಳೆಂದು ತಟ್ಟೆ ಹಿಡಿದರು. ಬಿದ್ದದ್ದು ಬೀಜ. ಈ ಬೇಸಿಗೆಗೆ ಹಿತ್ತಿಲಲ್ಲೇ ಊರಿನ ಸೌತೆ ಬೆಳೆಯುತ್ತೇನೆ, ಶಿವರಾತ್ರಿಯೊಳಗೆ ಸಸಿ ತಯಾರಾಗಬೇಕು ಎಂದು ಮಾವನವರು ಸಾರಿದರು.

"ಈ ವಯಸ್ಸಿನಾಗ ಮನಿಗೆ ಸವತಿ ತರಾಕತ್ತೀರಿ," ಎಂದರು ಅತ್ತೆ. "ನನ್ನ ಒಂದ್ ಮಾತ ಕೇಳಬೇಕಿತ್ತು."

ಮಾವನವರು ನಗಲಿಲ್ಲ. ಅವರ ಮನಸ್ಸು ಆಗಲೇ ಬೀಜದ ಮೇಲಿತ್ತು. ನೆನೆಹಾಕಿದ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಬೇಕು ಎಂಬುದು ಅವರಿಗೆ ಗೊತ್ತಿತ್ತು. ಅಡುಗೆಮನೆಯ ಹಳೆಯ ಅರಿವೆ ಆಗದು ಎಂದು ಅಂಗಡಿಯ ಒಳ್ಳೆಯ ಮಲ್ಮಲ್ಲನ್ನೇ ಹರಿದರು. ಒಲೆಯ ಪಕ್ಕದ ಗೂಡಿನಲ್ಲಿ ಆ ಗಂಟು ಕುಳಿತಿತು. ಬೀಜಗಳಿಗೆ ಬಿಳಿ ಬಾಲ ಮೂಡಿದ ದಿನ ಗಿರಾಕಿಗಳನ್ನು ಕೂರಿಸಿಟ್ಟು ಒಳಗೆ ಬಂದು, ನನ್ನನ್ನೂ ಕರೆದು ತೋರಿಸಿದರು. ನನ್ನ ನಿಶ್ಚಿತಾರ್ಥದಲ್ಲಿ ಕೂಡ ಅವರ ಮುಖ ಅಷ್ಟು ಅರಳಿದ್ದು ನೆನಪಿಲ್ಲ.

ಮೊಳಕೆಗಳನ್ನು ಸೀರೆ ಬರುವ ರಟ್ಟಿನ ಡಬ್ಬಿಗಳಲ್ಲಿ ಮಣ್ಣು ತುಂಬಿ ಊರಿದರು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೆಲ್ಲ ಎದ್ದು ಬಂದು ನೀರು ಹಾಕುತ್ತಿದ್ದರು. ಆಗ ವ್ಯಾಪಾರ ಮಂದವಾಗಿದ್ದದ್ದು ಸಸಿಗಳ ದುರದೃಷ್ಟ. ಎರಡೆರಡು ದಪ್ಪ ಎಲೆ ಬಿಚ್ಚಿ ಚೆಂದವಾಗಿ ನಿಂತವು, ಆಮೇಲೆ ಮಣ್ಣಿನ ಮಟ್ಟಕ್ಕೆ ಕೊಳೆತು ಒಂದೊಂದಾಗಿ ಅಡ್ಡಬಿದ್ದವು. ಉಳಿದವನ್ನಾದರೂ ಬಿಸಿಲಿಗೆ ಇಡೋಣವೆಂದು ಮಾವನವರು ಡಬ್ಬಿ ಎತ್ತಿದರೆ, ಅವರ ಕೈಯಲ್ಲಿ ಉಳಿದದ್ದು ನಾಲ್ಕು ಗೋಡೆ ಮಾತ್ರ. ತಳ, ಮಣ್ಣು, ಸಸಿ ಎಲ್ಲವೂ ಅತ್ತೆಯವರು ಆಗಷ್ಟೇ ಸಾರಿಸಿದ ನೆಲದ ಮೇಲಿದ್ದವು. ಅತ್ತೆ ಕಸಬರಿಗೆ ತಂದು ಅವರ ಕೈಗೆ ಕೊಟ್ಟರು.

ಎರಡನೆಯ ಸಲ ತಗಡಿನ ತಟ್ಟೆಗಳು ಬಂದವು. ಹಿತ್ತಿಲಲ್ಲಿ ಕೋಳಿಗಳ ಕಾಟವೆಂದು ಅವನ್ನು ಅಂಗಡಿಯ ಒಳಕೋಣೆಯಲ್ಲಿ, ಬಟ್ಟೆಯ ಥಾನುಗಳ ನಡುವೆ ಇಟ್ಟರು. ಅಲ್ಲಿ ಬೆಳಕಿಗೆ ಇದ್ದದ್ದು ಒಂದು ಸಣ್ಣ ಕಿಟಕಿ. ಸಸಿಗಳೆಲ್ಲ ಅದರತ್ತ ಕತ್ತು ಚಾಚಿ ಚಾಚಿ ನೂಲಿನೆಳೆಯಂತಾದವು. ಮಾವನವರು ಅಳತೆಯ ಗಜಕೋಲು ಹಿಡಿದು, ಎಷ್ಟು ಉದ್ದ ಬೆಳೆದಿವೆ ನೋಡು ಎಂದು ನನ್ನ ಗಂಡನಿಗೆ ತೋರಿಸಿ ಹೆಮ್ಮೆಪಟ್ಟರು. ನನ್ನ ಗಂಡ ಪ್ರತಿ ಶುಕ್ರವಾರ ಮ್ಹಾಪಸಾ ಸಂತೆಗೆ ಬಟ್ಟೆ ಒಯ್ಯುವವರು. ಆ ಶುಕ್ರವಾರ ಗಂಟು ಎಳೆಯುವಾಗ ಬೀಸಿದ ಗಾಳಿಗೇ ಆ ಉದ್ದವೆಲ್ಲ ಮಲಗಿತು.

ಮೂರನೆಯ ಸಲದ ಉಪಾಯ ಮಾವನವರಿಗೆ ಹೊಳೆದದ್ದು ಗೋಡೆಯಾಚೆ ನೋಡುವಾಗ. ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಕೊಂಕಣಿ ಹೆಂಗಸು ಇದ್ದರು. ನಾವೆಲ್ಲ ಅವರನ್ನು ಆಜಿ ಎಂದೇ ಕರೆಯುತ್ತಿದ್ದೆವು. ಆಜಿ ಹಲಸಿನೆಲೆಗಳನ್ನು ಸೇರಿಸಿ, ಕಡ್ಡಿ ಚುಚ್ಚಿ, ಇಡ್ಲಿ ಬೇಯಿಸಲು ದೊನ್ನೆ ಕಟ್ಟುತ್ತಿದ್ದರು. ಒಂದೊಂದು ಬೀಜಕ್ಕೆ ಒಂದೊಂದು ದೊನ್ನೆ ಕೊಟ್ಟರೆ, ನೆಡುವಾಗ ಬೇರು ಕೆದಕದೆ ಎಲೆಸಮೇತ ಮಣ್ಣಿಗಿಡಬಹುದಲ್ಲ ಎಂದು ಮಾವನವರು ಲೆಕ್ಕ ಹಾಕಿದರು. ಆಜಿಗೆ ಇದು ಇಡ್ಲಿಗೆ ಮಾಡಿದ ಅವಮಾನದಂತೆ ಕಂಡರೂ ಒಂದು ಬುಟ್ಟಿ ದೊನ್ನೆ ಕೊಟ್ಟರು. ಮಣ್ಣು, ಹಳೆಯ ಸಗಣಿ ಗೊಬ್ಬರ, ಸ್ವಲ್ಪ ಮರಳು ಬೆರೆಸಿ ತುಂಬಿದೆವು. ನಾನು ತುಂಬಿದ ದೊನ್ನೆಗಳನ್ನು ಮಾವನವರು ಮತ್ತೊಮ್ಮೆ ಸರಿಮಾಡುತ್ತಿದ್ದರು, ಅವರು ಸರಿಮಾಡಿದ್ದನ್ನು ಅತ್ತೆ ಇನ್ನೊಮ್ಮೆ.

ಬೀಜ ಊರಿದ ಮಾರನೆಯ ದಿನವೇ ಅವರು ಮಾಲು ತರಲು ಇಚಲಕರಂಜಿಗೆ ಹೊರಡಬೇಕಾಯಿತು. ಮುಂಜಾನೆ, ಮಧ್ಯಾಹ್ನ, ಸಂಜೆ ನೀರು ತಪ್ಪಬಾರದು ಎಂದು ಹೊಸ್ತಿಲಲ್ಲಿ ನಿಂತು ಹೇಳಿದರು. ಬಸ್ ನಿಲ್ದಾಣದಿಂದ ತಿರುಗಿ ಬಂದು ಇನ್ನೊಮ್ಮೆ ಹೇಳಿದರು. ಅತ್ತೆ ಎರಡು ಸಲವೂ ತಲೆಯಾಡಿಸಿದರು.

ಬಸ್ ಹೋದ ಮೇಲೆ ನಾನು ತಂಬಿಗೆ ಹಿಡಿದು ಹೊರಟರೆ ಅತ್ತೆ ತಡೆದರು. "ಬೆರಳ ಇಟ್ಟ ನೋಡವ್ವಾ. ತಂಪ ಹತ್ತಿದ್ರ ಬಿಟ್ಟಬಿಡು. ಹೊಟ್ಟಿ ತುಂಬಿದವರಿಗೆ ಉಣ್ಣು ಉಣ್ಣು ಅಂದ್ರ ಏನ ಮಾಡ್ಯಾವ ಪಾಪ."

ದೊನ್ನೆಗಳನ್ನು ಬಾವಿಕಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಬೆಳಗಿನ ಬಿಸಿಲು ಅಲ್ಲಿ ಚೆನ್ನಾಗಿ ಬೀಳುತ್ತಿತ್ತು. ಮಧ್ಯಾಹ್ನ ಸುಡು ಹೊತ್ತಿಗೆ ಬಿದಿರಿನ ಬುಟ್ಟಿ ಮುಚ್ಚುತ್ತಿದ್ದೆವು, ಕೋಳಿಗಳಿಗೂ ಅದೇ ಉತ್ತರವಾಯಿತು. ಮಣ್ಣು ಒಣಗಿದೆ ಅನ್ನಿಸಿದಾಗ ಅತ್ತೆ ಅಂಗೈಯಿಂದ ನೀರು ಚಿಮುಕಿಸುತ್ತಿದ್ದರು. ತವರಿನ ನೆನಪಿನಲ್ಲಿ ಮಂಕಾಗಿದ್ದ ನನಗೆ ಆ ದಿನಗಳಲ್ಲಿ ಬೆಳಿಗ್ಗೆ ಏಳಲು ಒಂದು ಕಾರಣ ಸಿಕ್ಕಿತ್ತು. ನಾನೂ ಅತ್ತೆಯೂ ಚಹಾದ ಬಟ್ಟಲು ಹಿಡಿದು ಬಾವಿಕಟ್ಟೆಗೆ ಹೋಗುತ್ತಿದ್ದೆವು. ಅವರು ತಮ್ಮ ಹೊಸ ಮದುವೆಯ ಕಾಲದ ಮಾತು ತೆಗೆಯುತ್ತಿದ್ದರು. ಈ ಮನುಷ್ಯ ತನ್ನ ಜೊತೆ ಮಾತಾಡಿದ್ದಕ್ಕಿಂತ ಹೆಚ್ಚು ಈ ಸವತಿಯರ ಜೊತೆ ಮಾತಾಡಿದ್ದಾನೆ ಎಂದು ಹೇಳಿ, ನಾನು ನಗುವುದನ್ನು ನೋಡುತ್ತಿದ್ದರು.

ಹತ್ತು ಹನ್ನೆರಡು ದಿನ ಕಳೆದು ಮಾವನವರು ತಿರುಗಿ ಬರುವಷ್ಟರಲ್ಲಿ ಸಸಿಗಳು ಗಿಡ್ಡಗೆ, ದಪ್ಪಗೆ, ಕಡುಹಸಿರಾಗಿ ನಿಂತಿದ್ದವು. ಮೂರನೆಯ ಎಲೆಯೂ ಬಂದಿತ್ತು. ಚಪ್ಪಲಿ ಬಿಡದೆ ನೇರ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ನೋಡಿದರು.

"ನೋಡಿದ್ರೇನು," ಎಂದರು ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಂದು. "ಮೂರ ಹೊತ್ತ ನೀರಂದ್ರ ಹಿಂಗ."

ನಾನು ಅತ್ತೆಯ ಮುಖ ನೋಡಿದೆ. ಅವರು ರೊಟ್ಟಿ ಬಡಿಯುವುದರಲ್ಲಿ ಮಗ್ನರಾಗಿದ್ದರು, ತಟ್ಟೆಯಲ್ಲಿ ರೊಟ್ಟಿ ಮಾತ್ರ ಅಗತ್ಯಕ್ಕಿಂತ ಜೋರಾಗಿ ತಿರುಗುತ್ತಿತ್ತು. ಮರುದಿನ ಬೆಳಿಗ್ಗೆ ನೀರಿಗೆಂದು ಬಾವಿಗೆ ಹೋದರೆ, ಮಾವನವರು ಅತ್ತಿತ್ತ ನೋಡಿ ಒಂದು ದೊನ್ನೆಯೊಳಗೆ ಬೆರಳಿಟ್ಟು, ತುಂಬಿದ ತಂಬಿಗೆಯನ್ನು ಹಾಗೆಯೇ ಕೆಳಗಿಡುತ್ತಿದ್ದರು. ನನ್ನನ್ನು ಕಂಡು ಬೆರಳನ್ನು ಧೋತರಕ್ಕೆ ಒರೆಸಿಕೊಂಡು, ಇವತ್ತು ಮೋಡ ಇದೆ ಎಂದರು. ಆಕಾಶ ತೊಳೆದಿಟ್ಟಂತೆ ಇತ್ತು.

ಶಿವರಾತ್ರಿಯ ಆಸುಪಾಸು ದೊನ್ನೆಸಮೇತ ನೆಟ್ಟೆವು. ಒಂದು ಸಸಿಯೂ ಬಾಡಲಿಲ್ಲ. ಎಲೆ ತಿನ್ನುವ ಕೆಂಪು ಹುಳಕ್ಕೆ ಒಲೆಯ ಬೂದಿ ಉದುರಿಸಿದೆವು. ಅಂಗಡಿ ತೆರೆಯುವ ಮೊದಲು ಮಾವನವರು ಹುಳ ಹಿಡಿಯುತ್ತಿದ್ದರು. ಅವರ ಅಂಗಿಯ ತೋಳಿನಲ್ಲಿ ಬೂದಿ ಕಂಡು ಗಿರಾಕಿಗಳು ಮನೆಯಲ್ಲಿ ಏನು ಹೋಮ ಎಂದು ವಿಚಾರಿಸುತ್ತಿದ್ದರು.

ಮೊದಲ ಕಾಯಿಯನ್ನು ಮಾವನವರೇ ಕೊಯ್ದು, ಹೆಚ್ಚಿ, ಉಪ್ಪು ಖಾರ ಸವರಿ ಬಾಯಿಗಿಟ್ಟರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಭಾಳ ಚಲೋ ಐತಿ," ಎಂದು ಇನ್ನೊಂದು ಹೋಳು ತೆಗೆದುಕೊಂಡರು. ಅತ್ತೆ ಒಂದು ಚೂರು ಕಚ್ಚಿದರು. ಬೇವಿನಷ್ಟು ಕಹಿ. ಅವರು ಸೆರಗು ಬಾಯಿಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾವನವರು ಸ್ವಲ್ಪ ಹೊತ್ತು ಬಿಗಿದುಕೊಂಡಿದ್ದು, ಆಮೇಲೆ ಅಗಿಯುತ್ತಲೇ ನಗತೊಡಗಿದರು. ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ಆ ಮನೆಗೆ ಬಂದ ಮೇಲೆ ನಾನು ನೋಡಿದ್ದು ಅದೇ ಮೊದಲು.

ಆಮೇಲಿನ ಕಾಯಿಗಳು ಎಳಸಾಗಿ, ಸಿಹಿಯಾಗಿ ಬಂದವು. ಆಜಿಗೆ ಕೊಟ್ಟದ್ದು ತುರಿದ ಸೌತೆ, ಬೆಲ್ಲ, ರವೆಯ ತವಸಳಿಯಾಗಿ ಗೋಡೆ ದಾಟಿ ತಿರುಗಿ ಬಂತು. ಸೌತೆಕಾಯಿಯಲ್ಲಿ ಸಿಹಿ ತಿಂಡಿಯೇ ಎಂದು ಮಾವನವರು ಹುಬ್ಬೇರಿಸಿ, ಎಲ್ಲರಿಗಿಂತ ದೊಡ್ಡ ತುಂಡು ತೆಗೆದುಕೊಂಡರು.

ತೊಂಬತ್ತರ ದಶಕದಲ್ಲಿ ಇದು ಪ್ರತಿ ವರ್ಷದ ಪದ್ಧತಿಯಾಯಿತು. ಸಂಕ್ರಾಂತಿ ಕಳೆದದ್ದೇ ಗಂಡ ಹೆಂಡತಿ ಬಾವಿಕಟ್ಟೆಯ ಹತ್ತಿರ ಎದುರುಬದುರು ಕೂರುತ್ತಿದ್ದರು. ಅತ್ತೆ ಮಣ್ಣು ಬೆರೆಸಬೇಕು, ಮಾವನವರು ದೊನ್ನೆ ಕಟ್ಟಬೇಕು. ಅವರು ಕಟ್ಟಿದ ದೊನ್ನೆ ನೆಟ್ಟಗೆ ನಿಂತದ್ದು ನಾನು ಕಾಣೆ. ಹೆಚ್ಚಾದ ಸಸಿಗಳನ್ನು ಅಂಗಡಿಯ ಕಟ್ಟೆಯ ಮೇಲೆ ಇಟ್ಟು, ಸೀರೆ ಕೊಂಡವರ ಕೈಗೆ ಒಂದೊಂದು ಕೊಡುತ್ತಿದ್ದರು. ಬರಬರುತ್ತಾ ಜನ ಸಸಿ ಕೇಳಿಕೊಂಡೇ ಬರತೊಡಗಿದರು. ಎಷ್ಟು ಹಗುರಾಗಿ ನೀರು ಹಾಕಬೇಕು, ಬೆರಳು ಹೇಗೆ ಇಟ್ಟು ನೋಡಬೇಕು ಎಂದು ಮಾವನವರು ಅಂಗೈ ಚಾಚಿ ವಿವರಿಸುತ್ತಿದ್ದರು. ಬಂದವರು ಸೀರೆಯ ಕಡೆ ಕಣ್ಣೂ ಹಾಯಿಸದೆ ಸಸಿ ಹಿಡಿದು ಹೊರಟರೂ ಬಾಗಿಲವರೆಗೆ ಹೋಗಿ ಕಳಿಸಿಕೊಡುತ್ತಿದ್ದರು.