ನಮ್ಮದಲ್ಲದ ವಾಡೆ

ಮೊಮ್ಮಗಳು ಪವಾಯಿಯಿಂದ ಬಂದು, ಮನೆತನದ ಇತಿಹಾಸ ಬರೆಯುತ್ತೇನೆ, ಹಳೆಯ ಮನೆಯ ಫೋಟೋ ಕೊಡು ಎಂದಳು. ಕೊಟ್ಟೆ. ಆದರೆ ಅದು ನಮ್ಮ ಮನೆಯಲ್ಲ. ಬಾಯಿಬಿಟ್ಟು ಹೇಳಲು ಆಗಲಿಲ್ಲ, ಅದಕ್ಕೇ ನನಗೆ ಬರುವಷ್ಟು ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಫೋಟೋದಲ್ಲಿರುವುದು ಬಿಜಾಪುರದ ಕಡೆಯ ನಮ್ಮೂರ ಗೌಡರ ವಾಡೆ, ಊರಿಗೇ ದೊಡ್ಡ ಮನೆ. ನನ್ನ ಮಾವ ಅಲ್ಲಿ ಆಳಾಗಿದ್ದರು. ಗೌಡರು ಫೋಟೋ ತೆಗೆಸಿದ ದಿನ ಮಾವ ಎತ್ತಿನ ಹಗ್ಗ ಹಿಡಿದು ಒಂದು ಅಂಚಿಗೆ ನಿಂತಿದ್ದರು. ಅದರಲ್ಲಿ ಅವರಿದ್ದಾರೆಂದೇ ಗೌಡತಿ ಒಂದು ಪ್ರತಿ ಕೊಟ್ಟದ್ದು. ಮುಂಬಯಿಯ ಬೈಕುಲ್ಲಾದ ಚಾಳಿನ ಕೋಣೆಗೆ ಬಂದ ಮೇಲೆ ನಾನು ಆ ಅಂಚನ್ನು ಕತ್ತರಿಸಿ ಒಲೆಗೆ ಹಾಕಿದೆ. ಉಳಿದದ್ದಕ್ಕೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದೆ. ಯಾರು ಕೇಳಿದರೂ ನಮ್ಮ ವಾಡೆ ಎನ್ನುತ್ತಿದ್ದೆ. ಬಟ್ಟೆಗಿರಣಿಗೆ ಹೋಗುವ ಗಂಡ ಜಗಳವೇಕೆಂದು ಸುಮ್ಮನಿದ್ದ.

ಎಪ್ಪತ್ತನೇ ಇಸವಿಯ ಆಚೀಚೆ ಇರಬೇಕು, ಮಗಳನ್ನು ನೋಡಲು ಗೋರೆಗಾಂವ್‌ನಿಂದ ನಮ್ಮ ಸೀಮೆಯದೇ ಜನ ಬಂದರು. ಹುಡುಗನ ತಂದೆ ಫೋಟೋದ ಮುಂದೆ ನಿಂತು ವಾಡೆಯ ಕಂಬ ಎಣಿಸಿದರು. ಅಷ್ಟರಲ್ಲಿ ಬಾಗಿಲಲ್ಲಿ ನಮ್ಮ ಹೆಳವ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಮನೆಮನೆಗೆ ಬಂದು, ತಲೆಮಾರುಗಳ ಹೆಸರು ಓದಿ, ಹೊಸದಾಗಿ ಹುಟ್ಟಿದವರನ್ನು ಹೊತ್ತಿಗೆಗೆ ಸೇರಿಸಿಕೊಳ್ಳುವವನು. ಈಗ ಮುಂಬಯಿ ಸೇರಿದವರನ್ನೂ ಹುಡುಕಿಕೊಂಡು ಬಂದಿದ್ದ. ನಮ್ಮ ಇಬ್ಬರು ಗಂಡುಮಕ್ಕಳ ಹೆಸರು ಬರೆಸಬೇಕೆಂದು ಗಂಡ ವರ್ಷಗಳಿಂದ ಅವನ ದಾರಿ ಕಾಯುತ್ತಿದ್ದ.

ಹುಡುಗನ ತಂದೆಗೆ ಹಿಗ್ಗೋ ಹಿಗ್ಗು. "ಎತ್ತ ಎಲ್ಲಿ ಬಿಟ್ಟಿಯೋ ಹೆಳವಾ?"

"ಲೋಕಲ್ ಗಾಡ್ಯಾಗ ಮನಶ್ಯಾರಿಗೇ ಜಾಗಾ ಇಲ್ರೀ ಯಪ್ಪಾ, ಎತ್ತಿಗೆ ಯಾರ ಕೊಡ್ತಾರ?"

"ಬಾ, ಕುಂಡ್ರು. ಇವರ ವಾಡೇದ ಕತಿ ನಿನ್ನ ಬಾಯಿಂದನ ಕೇಳೂಣು."

ಹೆಳವ ಗೋಡೆಯ ಕಡೆ ನೋಡಿದ. "ಇವರ ವಾಡೇನ? ಇದು..."

"ಈತ ನಮ್ಮ ಹೆಳವ ಅಲ್ರೀ," ಎಂದೆ ನಾನು. "ಮನಿ ತಪ್ಪಿ ಬಂದಾನ. ಮುಂದ ಹೋಗಪಾ."

ಅವನು ನನ್ನ ಗಂಡನ ಮುಖ ನೋಡಿದ. ಗಂಡ ತಲೆ ಎತ್ತಲಿಲ್ಲ.

"ಹೌದ್ರಿ ಯವ್ವಾ, ಮನಿ ತಪ್ಪೇತಿ," ಎಂದು ಹೊತ್ತಿಗೆ ಕಟ್ಟಿಕೊಂಡು ಇಳಿದುಹೋದ. ಅಷ್ಟು ದೂರದಿಂದ ಬಂದವನಿಗೆ ಒಂದು ತಂಬಿಗೆ ನೀರು ಕೊಡಲಿಲ್ಲ ನಾನು.

ಮದುವೆಯಾಯಿತು. ಆಮೇಲೊಮ್ಮೆ ಊಟಕ್ಕೆ ಕುಳಿತಾಗ ಗಂಡ, "ನಮ್ಮಪ್ಪ ದುಡದು ತಿಂದಾನ. ಕದ್ದಿಲ್ಲಲಾ?" ಎಂದ. ರೊಟ್ಟಿ ಬಡಿಯುತ್ತಾ ಕೂತೆ.

ಮರುವರ್ಷ ನಾನೊಬ್ಬಳೇ ಊರಿಗೆ ಹೋದಾಗ ಹೆಳವನನ್ನು ಹುಡುಕಿ, ಮಕ್ಕಳ ಹೆಸರು ಬರೆದುಕೋ ಎಂದು ಕೇಳಿದೆ.

"ಬರೀತೀನಿ ತಾಯಿ. ಆದ್ರ ನಾ ನಿಮ್ಮ ಹೆಳವ ಅಲ್ಲ ಅಂತ ನಾಕ ಮಂದ್ಯಾಗ ಅಂದೀ. ಈಗ ಗೌಡರ ಆಳಿನ ಸೊಸಿ ನಾ ಅಂತ ನಾಕ ಮಂದ್ಯಾಗನ ಅನ್ನು. ನಾಳೆ ಮುಂಜಾನೆ ಚಾವಡಿಗೆ ಬಾ."

ಅವನು ಕೇಳಿದ್ದು ನ್ಯಾಯವೇ. ಆದರೆ ಚಾವಡಿಯಲ್ಲಿ ಆಡಿದ ಮಾತು ಗೋರೆಗಾಂವ್‌ಗೆ ಮುಟ್ಟದೆ ಇರುತ್ತದೆಯೇ? ಮುಂಜಾನೆ ಚಾವಡಿಗೆ ಹೋಗದೆ ಮೊದಲ ಬಸ್ಸು ಹತ್ತಿದೆ.

ಮನೆಗೆ ಬಂದಾಗ ಗಂಡ ಕೇಳಿದ, "ಬರಸಿದಿ?"

"ಬರಸಿದೆ," ಎಂದೆ.

ಸಾಯುವತನಕ ಅವನು ಅದನ್ನೇ ನಂಬಿದ್ದ.